ಒಮ್ಮೆ ತಲೆ ಕಾಯ್ದ ಶಿರಸ್ತ್ರಾಣ

ಕೊಟ್ಟ ವಸ್ತುವನ್ನು ಮರಳಿ ಕೇಳಬಾರದೆಂಬುದು ನಮ್ಮ ಹಿರಿಯರು ಹಾಕಿಕೊಟ್ಟ ಮರ್ಯಾದೆ. 68 ವರ್ಷಗಳ ಆಯುಷ್ಯದಲ್ಲಿ ನಾವು ಒಂದೇ ಒಂದು ಸಲ ಆ ಮರ್ಯಾದೆಯನ್ನು ಮುರಿದೆವು. 2024ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಬೈಲಹೊಂಗಲದಿಂದ ಹೊರಟು, ಸವದತ್ತಿಯ ಮಾರ್ಗವಾಗಿ ರಾಮದುರ್ಗ ತಾಲೂಕಿನ ಒಂದು ಹಳ್ಳಿಗೆ ಹೋಗಿ, ಎರಡು ತಿಂಗಳ ಹಿಂದೆ ನಾವೇ ಕೈಯಾರೆ ಕೊಟ್ಟಿದ್ದ ಒಂದು ಶಿರಸ್ತ್ರಾಣವನ್ನು, ಎಂದರೆ ಈಗ ಎಲ್ಲರೂ ಹೆಲ್ಮೆಟ್ ಎನ್ನುವ ವಸ್ತುವನ್ನು, ಕೇಳಿ ಮರಳಿ ತಂದೆವು. ಆ ದಿನದ ಲಜ್ಜೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಆದರೆ ಹೋಗದೆ ಉಳಿದಿದ್ದರೆ ಹೊರಬೇಕಾಗಿದ್ದ ಭಾರ ಅದಕ್ಕಿಂತ ಎಷ್ಟೋ ದೊಡ್ಡದಾಗಬಹುದಾಗಿತ್ತು. ವಾಚಕ ಬಂಧುಗಳ ಮನೆಗಳಲ್ಲಿಯೂ ಇಂಥ ಪ್ರಸಂಗ ಒದಗಬಹುದೆಂಬ ಕಾರಣದಿಂದ ಇದನ್ನು ಇದ್ದುದಿದ್ದಂತೆ ನಿವೇದಿಸುತ್ತಿದ್ದೇವೆ.

ನಾವು ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿದ್ದು ವಿದ್ಯೆ ಕಲಿತವರು. ಅಲ್ಲಿ ಅಂಗಿ ಹರಿದರೆ ತೇಪೆ, ತೇಪೆಯೂ ನಿಲ್ಲದಾದರೆ ಕೈಚೀಲ, ಕೈಚೀಲವೂ ಸವೆದರೆ ಅಡುಗೆಮನೆಯ ಮಸಿಬಟ್ಟೆ. ಹಿರಿಯ ವಿದ್ಯಾರ್ಥಿ ಓದಿ ಮುಗಿಸಿದ ಪುಸ್ತಕ ಕಿರಿಯವನ ಕೈಗೆ ಬರುತ್ತಿತ್ತು. ಅವನ ಕಂಬಳಿಯೂ ಹಾಗೆಯೇ. ಗಂಗಾಳದಲ್ಲಿ ಒಂದು ಅಗುಳು ಉಳಿದರೂ ಗುರುಗಳ ಕಣ್ಣು ಅತ್ತ ಹೊರಳುತ್ತಿತ್ತು. ಈ ಶಿಸ್ತು ನಮ್ಮ ಮೈಗೆ ಹತ್ತಿ, ಮುಂದೆ ಸಂಸಾರಕ್ಕೂ ಹತ್ತಿತು. ನಮ್ಮ ಮನೆಯ ಅಟ್ಟದಲ್ಲಿ ಕೆಟ್ಟ ಗಡಿಯಾರಗಳಿವೆ, ಹಿಡಿಕೆ ಹೋದ ಛತ್ರಿಗಳಿವೆ. ಯಾವುದನ್ನೂ ಕೆಟ್ಟಿತೆಂದು ಎಸೆದವರು ನಾವಲ್ಲ. ಮಿತವ್ಯಯವೆಂಬುದು ಎಲ್ಲ ಕಾಲಕ್ಕೂ ಎಲ್ಲ ವಸ್ತುವಿಗೂ ಸಲ್ಲುವ ಗುಣವೆಂದೇ ನಾವು ನಂಬಿದ್ದೆವು.

ನಮ್ಮ ಮಗ ಉದ್ಯೋಗನಿಮಿತ್ತ ಮೈಸೂರಿನಲ್ಲಿ ನೆಲೆಸಿದ್ದಾನೆ. ಅವನ ಮಗಳಿಗೆ ಆಗ 14 ವರ್ಷ. ದಸರೆಯ ಮೆರವಣಿಗೆಯಲ್ಲಿ ಸಾಲುಗಟ್ಟಿ ಸಾಗುವ ಕುದುರೆ ಪೊಲೀಸರನ್ನು ಕಂಡಂದಿನಿಂದ ಆ ಮಗುವಿಗೆ ಕುದುರೆಯ ಹುಚ್ಚು. ಬೆಂಗಳೂರಿನ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿಯ ಪದಕ ಗೆದ್ದವರು; ಅವರ ಚಿತ್ರ ಅವಳ ಓದುವ ಮೇಜಿನ ಮೇಲಿದೆ. ರಜೆಯ ದಿನಗಳಲ್ಲಿ ಸವಾರಿ ಕಲಿಯತೊಡಗಿದಳು. 2024ರ ಮೇ ತಿಂಗಳ ಒಂದು ಮುಂಜಾನೆ ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲಕ್ಕೆ ಕುದುರೆ ಬೆದರಿ ಪಕ್ಕಕ್ಕೆ ಜಿಗಿಯಿತು. ಹುಡುಗಿ ಉರುಳಿ ಬಿದ್ದಳು. ತಲೆಯ ಹಿಂಬದಿ ಬೇಲಿಯ ಗೂಟಕ್ಕೆ ಬಡಿಯಿತು. ಎದ್ದು ನಿಂತು ಧೂಳು ಕೊಡವಿಕೊಂಡಳು. ವೈದ್ಯರು ಪರೀಕ್ಷಿಸಿ ಏನೂ ಆಗಿಲ್ಲವೆಂದರು. ಕಲಿಸುವ ಶಿಕ್ಷಕರು ಮಾತ್ರ, ಈ ಹೆಲ್ಮೆಟ್ಟಿನ ಕೆಲಸ ಮುಗಿಯಿತು, ಹೊಸದು ತರುವವರೆಗೆ ಕುದುರೆ ಹತ್ತಿಸುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರಂತೆ. ಅದನ್ನು ಕೊಂಡು ಒಂದು ವರ್ಷವೂ ತುಂಬಿರಲಿಲ್ಲ.

ಮಗ ದೂರವಾಣಿಯಲ್ಲಿ ಈ ಮಾತು ಹೇಳಿದಾಗ ನಾವು ನಕ್ಕೆವು. ಕಲಿಸುವವನಿಗೂ ಅಂಗಡಿಯವನಿಗೂ ಏನೋ ಒಳಪಾಲು ಇರಬೇಕು ಎಂದೆವು. ಪೆಟ್ಟು ತಡೆಯಲೆಂದೇ ಮಾಡಿದ ವಸ್ತು ಒಂದು ಪೆಟ್ಟಿಗೆ ಕೆಡುವುದಾದರೆ ಅದು ಎಂಥ ವಸ್ತು ಎಂಬುದು ನಮ್ಮ ತರ್ಕವಾಗಿತ್ತು. ನ್ಯಾಯಶಾಸ್ತ್ರ ಓದಿದ ತಲೆಗೆ ಆ ತರ್ಕದಲ್ಲಿ ದೋಷ ಕಾಣಲಿಲ್ಲ.

ಶ್ರಾವಣದಲ್ಲಿ ಮಗನ ಸಂಸಾರ ಊರಿಗೆ ಬಂದಾಗ ಮೊಮ್ಮಗಳು ಆ ಹಳೆಯ ಹೆಲ್ಮೆಟ್ಟನ್ನು ನಮಗೆ ತೋರಿಸಲೆಂದು ತಂದು, ಹೋಗುವಾಗ ಮರೆತು ಬಿಟ್ಟುಹೋದಳು. ಕಪ್ಪು ಬಣ್ಣದ, ಥಳಥಳಿಸುವ, ಹಗುರವಾದ ವಸ್ತು. ಹಿಂಬದಿಯಲ್ಲಿ ಉಗುರಿನಿಂದ ಗೀರಿದಷ್ಟು ಒಂದು ಗೆರೆ ಬಿಟ್ಟರೆ ಯಾವ ದೋಷವೂ ಕಾಣಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಗೂಡಿನಲ್ಲಿಟ್ಟೆವು. ಆ ದಿನಗಳಲ್ಲಿಯೇ ಪ್ರಸಾದ ನಿಲಯದಲ್ಲಿ ನಮ್ಮ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದ ಹಳೆಯ ಗೆಳೆಯರೊಬ್ಬರು ಪ್ರವಚನ ಕೇಳಲು ಬಂದವರು ನಮ್ಮಲ್ಲಿ ಉಳಿದರು. ಅವರು ರಾಮದುರ್ಗದ ಕಡೆಯ ಒಕ್ಕಲಿಗರು. ಮನೆಯಲ್ಲಿ ಎರಡು ಕುದುರೆ ಸಾಕಿದ್ದಾರೆ. ನಮ್ಮ ಭಾಗದ ಜಾತ್ರೆಗಳಲ್ಲಿ ಕುದುರೆಯ ಓಟ, ಕುದುರೆ ಗಾಡಿಯ ಶರ್ಯತ್ತು ನಡೆಯುವುದು ವಾಚಕರಿಗೆ ತಿಳಿದದ್ದೇ. ಗೆಳೆಯರ ಮೊಮ್ಮಗ 17 ವರ್ಷದ ಹುಡುಗ, ಜೀನಿಲ್ಲದ ಕುದುರೆಯ ಮೇಲೆ ಬರಿತಲೆಯಲ್ಲಿ ಓಟಕ್ಕೆ ಇಳಿಯುತ್ತಾನೆಂದೂ, ಹೇಳಿದರೆ ಕೇಳುವುದಿಲ್ಲವೆಂದೂ ಅವರು ಕೊರಗಿದರು. ನಮಗೆ ಗೂಡಿನಲ್ಲಿದ್ದ ಹೆಲ್ಮೆಟ್ ನೆನಪಾಯಿತು. ತೆಗೆದು ಕೈಗಿತ್ತೆವು.

“ಹೊಸಾದಿದ್ದಂಗ ಐತಲ್ರಿ ಶಾಸ್ತ್ರಿಗಳ” ಎಂದು ಅವರು ಕಣ್ಣಿಗೊತ್ತಿಕೊಂಡರು. ಒಂದು ಕೂಸಿನ ತಲೆಯಾದರೂ ಉಳಿದೀತೆಂದು ನಾವು ಆ ರಾತ್ರಿ ತೃಪ್ತಿಯಿಂದ ಮಲಗಿದೆವು.

ಮುಂದೆ ಅಕ್ಟೋಬರ್ ಬಂದಿತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಪಡೆ ಕಂಪನಿಯ ಸೈನ್ಯವನ್ನು ಸೋಲಿಸಿ, ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ ವಿಜಯಕ್ಕೆ 2024ರಲ್ಲಿ 200 ವರ್ಷ ತುಂಬಿತು. ರಾಣಿ ಚೆನ್ನಮ್ಮನು 1829ರಲ್ಲಿ ಸೆರೆಯಲ್ಲಿಯೇ ಲಿಂಗೈಕ್ಯಳಾದದ್ದು ನಮ್ಮ ಬೈಲಹೊಂಗಲದಲ್ಲಿ. ಅವಳ ಸಮಾಧಿಯಿರುವುದೂ ಇಲ್ಲಿಯೇ. ಆದ್ದರಿಂದ ಮಕ್ಕಳು ಮೊಮ್ಮಕ್ಕಳು ಉತ್ಸವಕ್ಕೆ ಬರಬೇಕೆಂದು ನಾವು ಬರೆದಿದ್ದೆವು. ಸಮಾಧಿಯ ದರ್ಶನ ಮಾಡಿಸಿ, ಕಿತ್ತೂರಿಗೆ ಕರೆದೊಯ್ದೆವು. ಕುದುರೆಯೇರಿದ ರಾಣಿಯ ಪ್ರತಿಮೆಯ ಮುಂದೆ ನಿಂತಾಗ ಮೊಮ್ಮಗಳು ಬಹಳ ಹೊತ್ತು ಮೇಲೆ ನೋಡಿ, ತಟ್ಟನೆ ಕೇಳಿದಳು:

“ಅಜ್ಜಾರ, ನನ್ನ ಹೆಲ್ಮೆಟ್ ಎಲ್ಲೈತ್ರಿ? ಆವತ್ತ ಬಿಟ್ಟು ಹೋಗಿದ್ದೆ.”

ನಾವು ಹೆಮ್ಮೆಯಿಂದಲೇ ಕೊಟ್ಟ ಕಥೆ ಹೇಳಿದೆವು. ಮಗುವಿನ ಮುಖ ಬಿಳುಪೇರಿತು. “ಅಜ್ಜಾರ, ಅದು ಸತ್ತ ಹೆಲ್ಮೆಟ್ರಿ. ಆ ಹುಡುಗ ಬಿದ್ದರ ಅದು ಕಾಯೂದಿಲ್ಲ” ಎಂದಳು. ಅಷ್ಟು ಜನರ ನಡುವೆ, ವಾದ್ಯಗಳ ಸದ್ದಿನ ನಡುವೆ, ಆ ಒಂದು ಮಾತು ನಮಗೆ ಸ್ಪಷ್ಟವಾಗಿ ಕೇಳಿಸಿತು.

ಮನೆಗೆ ಬಂದ ಮೇಲೆ ಅವಳು ನಮಗೆ ಪಾಠ ಹೇಳಿದಳು. ಅಟ್ಟದಿಂದ ದೂರದರ್ಶನ ಪೆಟ್ಟಿಗೆಯ ಪ್ಯಾಕಿಂಗಿಗೆ ಬಂದಿದ್ದ ಥರ್ಮಾಕೋಲ್ ತುಂಡೊಂದನ್ನು ತಂದು ಕೈಗಿತ್ತು, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಲು ಹೇಳಿದಳು. ಒತ್ತಿದೆವು, ಗುಳಿ ಬಿದ್ದಿತು. ಬೆರಳು ತೆಗೆದೆವು, ಗುಳಿ ಹಾಗೆಯೇ ಉಳಿಯಿತು. ಅದೇ ಜಾಗದಲ್ಲಿ ಮತ್ತೊಮ್ಮೆ ಒತ್ತಲು ಹೇಳಿದಳು. ಈ ಸಲ ಬೆರಳಿಗೆ ಗಟ್ಟಿಯಾದ ತಳ ತಾಗಿತು. ಮೊದಲಿನ ಮೆತ್ತನೆಯ ಇಳಿತ ಇರಲಿಲ್ಲ. “ಇಷ್ಟs ನೋಡ್ರಿ ಅಜ್ಜಾರ, ಹೆಲ್ಮೆಟ್ ಅಂದ್ರ” ಎಂದಳು.

ವಿಷಯವಿಷ್ಟು. ಹೆಲ್ಮೆಟ್ಟಿನ ಹೊರಗಿನ ಗಟ್ಟಿ ಕವಚವೇ ತಲೆಯನ್ನು ಕಾಯುತ್ತದೆಂದು ನಾವು ತಿಳಿದಿರುತ್ತೇವೆ. ಹಿಂದಿನ ಕಾಲದ ಉಕ್ಕಿನ ಶಿರಸ್ತ್ರಾಣಕ್ಕೆ ಆ ಮಾತು ಒಪ್ಪುತ್ತದೆ. ಕತ್ತಿಯ ಅಲಗನ್ನು ತಡೆಯುವುದು ಅದರ ಕೆಲಸ. ಕುದುರೆಯಿಂದ ಬೀಳುವವನ ಅಪಾಯ ಬೇರೆ. ಸವಾರನ ತಲೆ ನೆಲದಿಂದ ಸುಮಾರು 8 ಅಡಿ ಎತ್ತರದಲ್ಲಿರುತ್ತದೆ. ನಿಂತ ಕುದುರೆಯ ಮೇಲಿಂದ ಬಿದ್ದರೂ ಆ ತಲೆ ನೆಲ ಮುಟ್ಟುವಾಗ ತಾಸಿಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿರುತ್ತದೆ. ತಲೆಬುರುಡೆ ಒಮ್ಮೆಲೇ ನಿಂತುಬಿಟ್ಟರೆ ಒಳಗಿನ ಮೃದುವಾದ ಮೆದುಳು ನಿಲ್ಲದೆ ಮುಂದೆ ಹೋಗಿ ಬುರುಡೆಗೆ ಅಪ್ಪಳಿಸುತ್ತದೆ. ಬುರುಡೆ ಒಡೆಯದಿದ್ದರೂ ಮೆದುಳು ನೋಯುತ್ತದೆ. ಆದುದರಿಂದ ತಲೆಯನ್ನು ಒಮ್ಮೆಲೇ ನಿಲ್ಲಿಸದೆ, ಕ್ಷಣದ ಒಂದು ಪಾಲಿನಷ್ಟಾದರೂ ತಡೆತಡೆದು ನಿಲ್ಲಿಸಬೇಕು. ಕವಚದ ಒಳಗಿರುವ ಸುಮಾರು ಒಂದು ಅಂಗುಲ ದಪ್ಪದ ಬಿಳಿಯ ಪದರು ಮಾಡುವ ಕೆಲಸ ಇದೇ. ಅದು ಥರ್ಮಾಕೋಲಿನ ಜಾತಿಯದೇ, ಆದರೆ ಹೆಚ್ಚು ಸಾಂದ್ರವಾದದ್ದು. ಪೆಟ್ಟು ಬಿದ್ದಾಗ ತಾನು ಹಿಂಡಿ ಹಿಪ್ಪೆಯಾಗಿ ವೇಗವನ್ನು ನುಂಗುತ್ತದೆ. ಹಾಗೆ ನುಜ್ಜಾದದ್ದು ಮತ್ತೆ ಉಬ್ಬುವುದಿಲ್ಲ. ಅದರ ಮೇಲಿನ ಕವಚವಾದರೋ ಪುಟಿದು ಮೊದಲಿನ ಆಕಾರಕ್ಕೆ ಬಂದು ಏನೂ ಆಗಿಲ್ಲವೆಂಬಂತೆ ಹೊಳೆಯುತ್ತದೆ. ನಾವು ನೋಡುವುದು ಕವಚವನ್ನು; ಸತ್ತಿರುವುದು ಒಳಗಿನ ಪದರು.

ಪೆಟ್ಟು ತಡೆಯುವ ವಸ್ತು ಒಂದು ಪೆಟ್ಟಿಗೆ ಕೆಡುವುದೇ ಎಂದು ನಾವು ಕೇಳಿದ್ದ ಪ್ರಶ್ನೆಗೆ ಉತ್ತರ ಇದೇ ಆಗಿತ್ತು. ಒಂದು ಪೆಟ್ಟಿಗೆ ಕೆಡುವುದೇ ಅದು ಕಾಯುವ ಬಗೆ.

ಅಷ್ಟಕ್ಕೆ ಬಿಡದೆ ಅವಳು ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕಿದ್ದ ನಮ್ಮ ಸ್ಕೂಟರಿನ ಹೆಲ್ಮೆಟ್ಟನ್ನು ಇಳಿಸಿದಳು. ಅದನ್ನು ನಾವು 2010ರಲ್ಲಿ ಕೊಂಡದ್ದು. ಒಮ್ಮೆಯೂ ಬಿದ್ದಿಲ್ಲ, ಜೋಪಾನವಾಗಿ ಇಟ್ಟಿದ್ದೇವೆ ಎಂಬುದು ನಮ್ಮ ಹೆಗ್ಗಳಿಕೆ. ಒಳಗಿನ ಬಟ್ಟೆಯನ್ನು ಸರಿಸಿ ಬೆರಳಾಡಿಸಿದಳು; ಬಿಳಿಯ ಕಾಳುಗಳು ಪುಡಿಪುಡಿಯಾಗಿ ನಮ್ಮ ಪಂಚೆಯ ಮೇಲೆ ಉದುರಿದವು. ಗದ್ದದ ಪಟ್ಟಿಯ ಅಂಚು ನೂಲುನೂಲಾಗಿ ಬಿಚ್ಚಿತ್ತು. “ಅಜ್ಜಾರ, ಇದು ಹೆಲ್ಮೆಟ್ ಅಲ್ರಿ, ಮಡಿಕಿ” ಎಂದು ನಕ್ಕಳು. ನಮ್ಮ ಮನೆಯವರೂ ನಕ್ಕರು. ನಾವು ನಗಲಿಲ್ಲ. ನಮ್ಮ ಮನಸ್ಸು ಆಗಲೇ ರಾಮದುರ್ಗದ ಹಾದಿ ಹಿಡಿದಿತ್ತು. ದೀಪಾವಳಿ ಪಾಡ್ಯದ ಮರುದಿನ ಅಲ್ಲಿ ಕುದುರೆಗಳ ಓಟವಿತ್ತು. ಉಳಿದದ್ದು ಒಂದು ವಾರ.

ದೂರವಾಣಿಯಲ್ಲಿ ಹೇಳಿದರಾಗದೇ ಎಂದು ಮಗ ಕೇಳಿದ. ಕೊಟ್ಟದ್ದು ಕೈಯಿಂದ; ಕೇಳುವುದೂ ಮುಖ ತೋರಿಸಿಯೇ ಆಗಬೇಕೆಂದು ನಾವು ಹೇಳಿದೆವು. ಮರುದಿನ ಬೈಲಹೊಂಗಲದ ಪೇಟೆಯಲ್ಲಿ ಐ.ಎಸ್.ಐ. ಮುದ್ರೆಯ ಮೋಟಾರ್ ಸೈಕಲ್ ಹೆಲ್ಮೆಟ್ ಎರಡನ್ನು ಕೊಂಡೆವು, ಒಂದು ನಮಗೆ, ಒಂದು ಆ ಹುಡುಗನಿಗೆ. ಕುದುರೆ ಸವಾರಿಯ ಹೆಲ್ಮೆಟ್ ನಮ್ಮ ಪೇಟೆಯಲ್ಲಿ ಸಿಗುವ ವಸ್ತುವಲ್ಲ. ಅದನ್ನು ಬೆಂಗಳೂರಿನಿಂದ ತರಿಸುವ ಹೊಣೆ ಮಗನದಾಯಿತು. ಮೊಮ್ಮಗಳನ್ನು ಕೂಡಿಸಿಕೊಂಡು ಹೊರಟೆವು. ಎರಡೂ ಬದಿಗೆ ಎರೆಹೊಲ, ಸವದತ್ತಿಯ ಕೋಟೆ, ಮಲಪ್ರಭೆಯ ನೀರು, ದಾರಿಯುದ್ದಕ್ಕೂ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಭಕ್ತರ ವಾಹನಗಳು. ಬೈಕುಗಳ ಮೇಲೆ ಮೂವರು ನಾಲ್ವರು, ಹೆಚ್ಚಿನವರು ಬರಿತಲೆಯವರು. ಮತ್ತೆ ಕೆಲವರ ಹೆಲ್ಮೆಟ್ಟು ತಲೆಯ ಮೇಲಿರದೆ ಕನ್ನಡಿಗೆ ತೂಗುತ್ತಿತ್ತು. ಹಿಂದೆ ಎಷ್ಟೋ ಸಲ ಆ ರಸ್ತೆಯಲ್ಲಿ ಹೋಗಿದ್ದರೂ ಅಂದು ನಮ್ಮ ಕಣ್ಣಿಗೆ ತಲೆಗಳಲ್ಲದೆ ಬೇರೇನೂ ಬೀಳಲಿಲ್ಲ.

ಗೆಳೆಯರು ಅಂಗಳಕ್ಕೆ ಓಡಿಬಂದು ಕೈಹಿಡಿದರು. ಹೇಳಿ ಕಳಿಸಿದ್ದರೆ ತಾವೇ ಬರುತ್ತಿದ್ದೆನೆಂದರು. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಲೆ, ಮೊಸರು. ಉಂಡೆವು, ಆದರೆ ತುತ್ತು ಇಳಿಯಲಿಲ್ಲ. ಊಟವಾದ ಮೇಲೆ ಅವರೇ ಮೊಮ್ಮಗನನ್ನು ಕರೆದು, ಅಜ್ಜಾರಿಗೆ ತೋರಿಸೆಂದರು. ಹುಡುಗ ಒಳಗಿನಿಂದ ಹೆಲ್ಮೆಟ್ಟನ್ನು ತಂದು ನಮ್ಮ ಮುಂದಿಟ್ಟ. ನಮಗೆ ಗುರುತು ಹತ್ತಲಿಲ್ಲ. ಕಪ್ಪಿದ್ದದ್ದು ಕೇಸರಿಯಾಗಿತ್ತು, ಕುದುರೆಯ ಹೆಸರನ್ನು ಹಳದಿ ಎಣ್ಣೆಬಣ್ಣದಲ್ಲಿ ಅಂದವಾಗಿ ಬರೆಸಿದ್ದರು. ಅದು ಹುಡುಗಿಯ ಅಳತೆಯದು, ಇವನಿಗೆ ಬಿಗಿ. ಆದಕಾರಣ ಎರಡೂ ಕಪೋಲಗಳ ಮೇಲ್ಭಾಗದಲ್ಲಿ ಒಳಗಿನ ಬಿಳಿ ಪದರನ್ನು ಚೂರಿಯಿಂದ ಕೆತ್ತಿ ಜಾಗ ಮಾಡಿಕೊಂಡಿದ್ದ. ಅದನ್ನೇ ಹಾಕಿಕೊಂಡು ರಾಮದುರ್ಗಕ್ಕೆ ಬೈಕಿನಲ್ಲಿಯೂ ಹೋಗಿ ಬರುತ್ತಿದ್ದ. ಬರಿತಲೆಯಲ್ಲಿದ್ದಾಗ ಸ್ವಲ್ಪ ಅಂಜುತ್ತಿದ್ದನಂತೆ. ಈಗ ಕುದುರೆಯನ್ನು ಮೊದಲಿಗಿಂತ ಜೋರಾಗಿ ಓಡಿಸುತ್ತಾನೆಂದು ಗೆಳೆಯರು ಮೆಚ್ಚಿ ನುಡಿದರು.

ಆ ಕೊನೆಯ ಮಾತು ನಮ್ಮನ್ನು ಚುಚ್ಚಿತು. ನಾವು ಕೊಟ್ಟದ್ದು ರಕ್ಷಣೆಯನ್ನಲ್ಲ, ರಕ್ಷಣೆಯಿದೆಯೆಂಬ ಸುಳ್ಳು ಧೈರ್ಯವನ್ನು.

ಹೇಗೋ ಬಾಯಿ ತೆರೆದೆವು. ಮೊಮ್ಮಗಳು ಬಿದ್ದದ್ದು, ಶಿಕ್ಷಕರು ಬೇಡವೆಂದದ್ದು, ನಾವು ಆ ಮಾತನ್ನು ಕೇಳಿಯೂ ನಗೆಯಾಡಿ ಕೊಟ್ಟದ್ದು, ಎಲ್ಲವನ್ನೂ ಮುಚ್ಚಿಡದೆ ಹೇಳಿದೆವು. ಗೆಳೆಯರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ತಲೆಯೆತ್ತದೆ, “ನಿಮ್ಮ ಕೂಸಿಗೆ ಬ್ಯಾಡಾಗಿದ್ದು ನಮ್ಮ ಕೂಸಿಗೆ ನಡೀತೈತಿ ಅಂತ ಕೊಟ್ರೇನ್ರಿ ಶಾಸ್ತ್ರಿಗಳ?” ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ನಮ್ಮಲ್ಲಿರಲಿಲ್ಲ. ಹೌದೆಂಬುದೇ ಸತ್ಯ. ಮನಸ್ಸಿನಲ್ಲಿ ಹಾಗೆ ಅಂದುಕೊಂಡಿರಲಿಲ್ಲ. ಆದರೆ ಕೈ ಮಾಡಿದ್ದು ಅದನ್ನೇ. ದಾಸೋಹವೆಂಬ ಮಾತನ್ನು ಎಷ್ಟೋ ವೇದಿಕೆಗಳಲ್ಲಿ ವಿವರಿಸಿದ್ದೇವೆ. ನಮಗೆ ಬೇಡವಾದದ್ದನ್ನು ಸಾಗಹಾಕುವುದು ದಾಸೋಹವಲ್ಲವೆಂದು ಅನ್ಯರಿಗೆ ಹೇಳಿದ್ದೇವೆ. ಅಂದು ಆ ಪಡಸಾಲೆಯಲ್ಲಿ ಅದನ್ನು ನಾವೇ ಕಲಿತೆವು. ತಪ್ಪಾಯಿತೆಂದು ಕೈಮುಗಿದೆವು. ಗೆಳೆಯರು ಗಾಬರಿಯಾಗಿ ನಮ್ಮ ಕೈಗಳನ್ನು ಬಿಡಿಸಿದರು.

ಹುಡುಗನಿಗೆ ಮಾತ್ರ ನಂಬಿಕೆ ಬಂದಿರಲಿಲ್ಲ. “ಎಲ್ಲೂ ಒಡದಿಲ್ಲಲ್ರಿ ಅಜ್ಜಾರ” ಎಂದು ಅದನ್ನು ತಿರುವಿ ತಿರುವಿ ತೋರಿಸಿದ. ಆಗ ನಮ್ಮ ಮೊಮ್ಮಗಳು ಅವನ ಕೈಯಿಂದ ತೆಗೆದುಕೊಂಡು ಒಳಗಿನ ಬಟ್ಟೆಯನ್ನು ಪೂರ್ತಿ ಬಿಚ್ಚಿದಳು. ಹಿಂಬದಿಯಲ್ಲಿ, ಗೂಟ ಬಡಿದ ಸ್ಥಳದಲ್ಲಿ, ಹೊರಗೆ ಬರಿಯ ಗೀರು. ಒಳಗಿನ ಪದರು ರೂಪಾಯಿ ನಾಣ್ಯದಗಲ ಚಪ್ಪಟೆಯಾಗಿ, ಅಲ್ಲಿಂದ ಕೂದಲೆಳೆಯಂಥ ಒಂದು ಬಿರುಕು ಮೇಲಕ್ಕೆ ಹೋಗಿತ್ತು. ಹುಡುಗ ಆ ಗುಳಿಯಲ್ಲಿ ಬೆರಳಿಟ್ಟು ನೋಡಿದ. ಮತ್ತೆ ಮಾತಾಡಲಿಲ್ಲ. ಎಲ್ಲ ಹೆಲ್ಮೆಟ್ಟುಗಳಲ್ಲಿಯೂ ಇಷ್ಟು ಕಣ್ಣಿಗೆ ಕಾಣುವಂತಿರುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಕಾಣದಿದ್ದರೆ ಸರಿಯಾಗಿದೆಯೆಂದು ತಿಳಿಯುವಂತಿಲ್ಲ.

ಬೈಕಿಗೆ ತಂದ ಹೆಲ್ಮೆಟ್ಟನ್ನು ಅವನಿಗೆ ಕೊಟ್ಟು, ಹುಬ್ಬಿನ ಮೇಲೆ ಒಂದು ಅಂಗುಲ ಬಿಟ್ಟು ತಲೆಯ ಸುತ್ತಳತೆಯನ್ನು ಟೇಪಿನಿಂದ ತೆಗೆದುಕೊಂಡೆವು. ಸವಾರಿಯ ಹೆಲ್ಮೆಟ್ ಬರುವವರೆಗೆ ಕುದುರೆ ಹತ್ತಬಾರದೆಂದು ಮಾತು ಪಡೆದೆವು. ಅದು ಓಟಕ್ಕೆ ಎರಡು ದಿನ ಮುಂಚೆ ಅವರ ಕೈ ಸೇರಿತು.

ಊರಿಗೆ ಮರಳಿದ ಮೇಲೆ ನಾವು ಆ ವಿಷಯವನ್ನು ಒಂದಿಷ್ಟು ಓದಿದೆವು. 40 ವರ್ಷ ತಾಳೆಗರಿಗಳ ಅಕ್ಷರ ಬಿಡಿಸಿದ ನಾವು ಹೆಲ್ಮೆಟ್ಟಿನ ಒಳಗೆ ಅಂಟಿಸಿದ ಚೀಟಿಯನ್ನು ಓದಿರಲಿಲ್ಲ. ತಯಾರಾದ ತಿಂಗಳು ವರ್ಷ ಅಲ್ಲಿಯೇ ಅಚ್ಚಾಗಿರುತ್ತದೆ. ಪೆಟ್ಟು ಬಿದ್ದುದನ್ನು ಬಳಸಬಾರದೆಂಬ ಸೂಚನೆ ಜೊತೆಗೆ ಬರುವ ಪುಸ್ತಿಕೆಯಲ್ಲಿರುತ್ತದೆ. ಮೊದಲನೆಯ ಮಹಾಯುದ್ಧದ ಇತಿಹಾಸದಲ್ಲಿ ಹೆಸರಾದ ಇಂಗ್ಲೆಂಡಿನ ಲಾರೆನ್ಸ್ 1935ರಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡನು. ಅವನನ್ನು ಕಂಡ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಆ ಸಾವನ್ನು ಮರೆಯದೆ ಸವಾರರ ತಲೆಪೆಟ್ಟುಗಳನ್ನು ಅಭ್ಯಾಸ ಮಾಡಿ 1941ರಲ್ಲಿ ಲೇಖನ ಪ್ರಕಟಿಸಿದರು. ಬ್ರಿಟಿಷ್ ಸೈನ್ಯ ಅದೇ ವರ್ಷ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಕುದುರೆಯವರು ಎಚ್ಚೆತ್ತದ್ದು ಇನ್ನೂ ತಡವಾಗಿ. ಅಮೇರಿಕೆಯ ಒಲಿಂಪಿಕ್ ಸವಾರಳಾದ ಕೋರ್ಟ್ನಿ ಕಿಂಗ್ ಡೈ 2010ರಲ್ಲಿ ಹೆಲ್ಮೆಟ್ ಇಲ್ಲದೆ ಕುದುರೆಯಿಂದ ಬಿದ್ದು ವಾರಗಟ್ಟಲೆ ಪ್ರಜ್ಞೆ ತಪ್ಪಿದ ಮೇಲೆ ಆ ದೇಶದಲ್ಲಿ ದೊಡ್ಡ ಜಾಗೃತಿ ಹುಟ್ಟಿತು. ಅಂತರರಾಷ್ಟ್ರೀಯ ಅಶ್ವಾರೋಹಣ ಒಕ್ಕೂಟವು 2021ರ ಜನವರಿ 1ರಿಂದ ತನ್ನ ಸ್ಪರ್ಧೆಗಳಲ್ಲಿ ಸವಾರಿ ಮಾಡುವವರಿಗೆ ಹೆಲ್ಮೆಟ್ ಕಡ್ಡಾಯವೆಂದಿತು. ಅಲ್ಲಿಯವರೆಗೆ ಕೆಲವು ಸ್ಪರ್ಧೆಗಳಲ್ಲಿ ನುರಿತ ಸವಾರರು ಶೋಭೆಗಾಗಿ ಎತ್ತರದ ಟೋಪಿ ಧರಿಸುತ್ತಿದ್ದರು.

ಯಾವಾಗ ಬದಲಿಸಬೇಕೆಂಬುದನ್ನು ಗೃಹಸ್ಥ ಬಂಧುಗಳಿಗಾಗಿ ಸರಳವಾಗಿ ಹೇಳುತ್ತೇವೆ. ಮೊದಲನೆಯದು, ತಲೆಯ ಮೇಲಿದ್ದಾಗ ಒಂದು ಪೆಟ್ಟು ಬಿದ್ದರೆ ಆ ದಿನವೇ ಅದರ ಕೊನೆಯ ದಿನ. ಕೊಂಡು ಒಂದು ವಾರವಾಗಿರಲಿ, ಹೊರಗೆ ಗೀರು ಕೂಡ ಇಲ್ಲದಿರಲಿ. ಬರಿಯ ಹೆಲ್ಮೆಟ್ ಎತ್ತರದಿಂದ ಕಲ್ಲುನೆಲಕ್ಕೆ ಬಿದ್ದು ಸಂಶಯ ಬಂದರೂ ಅದನ್ನು ನಂಬದಿರುವುದು ಲೇಸು. ಎರಡನೆಯದು, ಬೀಳದೆ ಇದ್ದರೂ ಅದಕ್ಕೆ ಆಯುಷ್ಯವಿದೆ. ಬಿಸಿಲು, ಬೆವರು, ತಲೆಗೆ ಹಚ್ಚುವ ಎಣ್ಣೆ, ಇವು ಅಂಟನ್ನೂ ಪದರನ್ನೂ ತಿನ್ನುತ್ತವೆ. ಅಮೇರಿಕೆಯ ಸ್ನೆಲ್ ಪ್ರತಿಷ್ಠಾನ 1957ರಿಂದ ಹೆಲ್ಮೆಟ್ಟುಗಳ ಪರೀಕ್ಷೆಯ ಕೆಲಸದಲ್ಲಿರುವ ಸಂಸ್ಥೆ. 5 ವರ್ಷಕ್ಕೊಮ್ಮೆ ಬದಲಿಸಿರೆಂಬುದು ಅದರ ಸಲಹೆ. ದಿನವೂ ಬಳಸುವವರು, ನಮ್ಮ ಕಡೆಯ ಬಿಸಿಲಿನಲ್ಲಿ ತಿರುಗುವವರು, ಇನ್ನೂ ಮುಂಚೆಯೇ ನೋಡಿಕೊಳ್ಳಬೇಕು. ಮೂರನೆಯದು, ಪಟ್ಟಿ ಹರಿದರೆ, ಕೊಂಡಿ ನಿಲ್ಲದಾದರೆ, ಪದರು ಪುಡಿ ಉದುರಿಸಿದರೆ, ಕವಚದಲ್ಲಿ ಬಿರುಕು ಕಂಡರೆ ವರ್ಷ ಎಣಿಸಬೇಕಾಗಿಲ್ಲ. ನಾಲ್ಕನೆಯದು, ಪಟ್ಟಿ ಬಿಗಿದು ತಲೆಯಲ್ಲಾಡಿಸಿದಾಗ ಅದು ತಲೆಯೊಡನೆ ಹೊರಳದೆ ತಾನೇ ಬೇರೆ ಹೊರಳಿದರೆ ಅದು ಆ ತಲೆಯದಲ್ಲ. ಬೆಳೆಯುವ ಮಕ್ಕಳ ತಲೆಗೆ ಇದು ವರ್ಷವರ್ಷವೂ ನೋಡಬೇಕಾದ ಪರೀಕ್ಷೆ. ಮುಂದೆ ಬೆಳೆದಾನೆಂದು ಅಂಗಿಯನ್ನು ದೊಡ್ಡದು ಹೊಲಿಸಬಹುದು, ಹೆಲ್ಮೆಟ್ಟನ್ನು ದೊಡ್ಡದು ತರಬಾರದು. ಒಳಗೆ ಕೆತ್ತುವುದು, ಬಟ್ಟೆ ತುರುಕುವುದು, ಹೊರಗೆ ಎಣ್ಣೆಬಣ್ಣ ಬಳಿಯುವುದು, ಪೆಟ್ರೋಲಿನಿಂದ ಒರೆಸುವುದು, ಇವೆಲ್ಲ ಅದನ್ನು ಕೊಲ್ಲುವ ಕೆಲಸಗಳು. ತಣ್ಣೀರು, ಸೌಮ್ಯವಾದ ಸೋಪು, ನೆರಳು, ಇಷ್ಟೇ ಅದರ ಆರೈಕೆ.

ಇನ್ನೊಂದು ಮಾತು. ಕುದುರೆಯ ಹೆಲ್ಮೆಟ್ ಬೈಕಿಗೆ ಸಲ್ಲದು, ಬೈಕಿನದು ಕುದುರೆಗೆ ಸಲ್ಲದು. ಅವುಗಳ ಪರೀಕ್ಷೆಗಳೇ ಬೇರೆ. ಬೈಕಿನ ಹೆಲ್ಮೆಟ್ಟಿಗೆ ಐ.ಎಸ್. 4151 ಎಂಬ ಭಾರತೀಯ ಮಾನಕವಿದೆ. 2021ರ ಜೂನ್ 1ರಿಂದ ಐ.ಎಸ್.ಐ. ಮುದ್ರೆಯಿಲ್ಲದ್ದನ್ನು ಮಾರುವುದು ಕಾನೂನಿಗೆ ವಿರುದ್ಧ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 129ನೆಯ ಕಲಮಿನಂತೆ 4 ವರ್ಷ ಮೀರಿದ ಮಕ್ಕಳ ತಲೆಗೂ ಅದು ಬೇಕು. ಕುದುರೆ ನಮ್ಮಲ್ಲಿ ಕೆಲವರ ಮನೆಯಲ್ಲಿದೆ. ಬೈಕು ಯಾರ ಮನೆಯಲ್ಲಿಲ್ಲ?

ಕೇಸರಿ ಬಣ್ಣದ ಆ ಹೆಲ್ಮೆಟ್ಟನ್ನು ಮನೆಗೆ ತಂದ ದಿನ ಅಟ್ಟಕ್ಕೇರಿಸಲು ನಮ್ಮ ಕೈ ಹೋಯಿತು. 60 ವರ್ಷದ ಅಭ್ಯಾಸ ಒಂದು ದಿನಕ್ಕೆ ಹೋಗುವುದಿಲ್ಲ. ಮೊಮ್ಮಗಳು ಕತ್ತರಿ ತಂದು ಕೈಗಿತ್ತಳು. ಇನ್ನಾರೂ ಅದನ್ನು ತಲೆಗೆ ಹಾಕಿಕೊಳ್ಳದಂತೆ ಪಟ್ಟಿಗಳನ್ನು ಕತ್ತರಿಸಿದೆವು. ನಮ್ಮ 2010ರ ಮಡಿಕೆಯ ಪಟ್ಟಿಯನ್ನೂ ಕತ್ತರಿಸಿದೆವು. ಕತ್ತರಿಸುವ ಮುನ್ನ ಮಗುವಿನ ಹೆಲ್ಮೆಟ್ಟಿನ ಆ ಗುಳಿಯ ಮೇಲೆ ಒಮ್ಮೆ ಕೈಯಿಟ್ಟೆವು. ಅಲ್ಲಿ ಆದದ್ದು ಅವಳ ತಲೆಯಲ್ಲಿ ಆಗಬೇಕಾಗಿತ್ತು. ತನ್ನ ಪಾಲಿನ ಕೆಲಸವನ್ನು ಒಂದೇ ಕ್ಷಣದಲ್ಲಿ ಪೂರೈಸಿದ ಆ ವಸ್ತುವಿನಿಂದ ಇನ್ನೊಂದು ಸಲ ಅದನ್ನೇ ಬಯಸಿದ ನಮ್ಮದು ಮಿತವ್ಯಯವಾಗಿರಲಿಲ್ಲ, ಲೋಭವಾಗಿತ್ತು.

ಪಾಡ್ಯದ ಮರುದಿನ ಸಂಜೆ ಗೆಳೆಯರ ಕರೆ ಬಂತು. “ಹುಡುಗ ಮೂರನೇದಾಂವ ಬಂದ್ರಿ. ಬೀಳಲಿಲ್ಲ” ಎಂದರು. ಸ್ವಲ್ಪ ತಡೆದು, “ಹೊಸಾದಕ್ಕ ಬಣ್ಣ ಹಚ್ಚಿಲ್ರಿ ಶಾಸ್ತ್ರಿಗಳ” ಎಂದು ನಕ್ಕರು. ಆ ನಗೆ ಕೇಳಿದ ಮೇಲೆ ನಮಗೆ ಆ ರಾತ್ರಿ ನಿದ್ದೆ ಬಂದಿತು.